ಹಿಂಬಡದ ನೋವು: ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯಲ್ಲಿ ನಾನು ಫಿಸಿಯೋಥೆರಪಿ ಮಾಡುತ್ತೇನೆ. ಸೊಂಟ, ಮೊಣಕಾಲು ಬಿಟ್ಟರೆ ನನ್ನ ಹತ್ತಿರ ಜಾಸ್ತಿ ಬರುವುದು ಹಿಂಬಡದ, ಅಂದರೆ ಹಿಮ್ಮಡಿಯ ನೋವು. ಇಳಕಲ್, ಗುಳೇದಗುಡ್ಡ, ಬನಹಟ್ಟಿ ಕಡೆಯ ನೇಕಾರರು, ದಿನವಿಡೀ ಒಲೆ ಮುಂದೆ ನಿಲ್ಲುವ ಹೆಣ್ಣುಮಕ್ಕಳು, ಶಾಲೆ ಮಾಸ್ತರರು, ಬಂದೋಬಸ್ತಿಗೆ ನಿಲ್ಲುವ ಪೊಲೀಸರು ಬರುತ್ತಾರೆ. ಬರುವ ಹೊತ್ತಿಗೆ ಆರು ತಿಂಗಳೋ ವರ್ಷವೋ ನೋವು ತಿಂದಿರುತ್ತಾರೆ. ಅವರು ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು, ನನಗೆ ಗೊತ್ತಿರುವ ಉತ್ತರ ಬರೆದಿದ್ದೇನೆ.

## ಇದು ಏನು, ಯಾಕೆ

ಮುಂಜಾನೆ ಎದ್ದು ಕಾಲು ಊರಿದ್ರ ಮುಳ್ಳು ಚುಚ್ಚಿದಂಗ ಆಗ್ತೈತ್ರಿ. ನಾಕು ಹೆಜ್ಜಿ ನಡದ ಮ್ಯಾಲ ಕಡಿಮಿ ಆಗ್ತೈತಿ. ಏನಿದು?

ಈ ಒಂದು ಮಾತಿನಲ್ಲೇ ಅರ್ಧ ಉತ್ತರ ಇದೆ. ಅಂಗಾಲಿನಲ್ಲಿ ಹಿಂಬಡದ ಎಲುಬಿನಿಂದ ಬೆರಳುಗಳ ಬುಡದವರೆಗೆ ಒಂದು ದಪ್ಪ ಪಟ್ಟಿ ಹಾದು ಹೋಗುತ್ತದೆ. ಅದರ ಹೆಸರು ಪ್ಲಾಂಟರ್ ಫೇಷಿಯಾ. ಪಾದದ ಕಮಾನು ಕುಸಿಯದ ಹಾಗೆ ಹಿಡಿದಿಡುವುದು ಅದೇ. ತಾಳುವುದಕ್ಕಿಂತ ಹೆಚ್ಚು ಭಾರ ದಿನಾಲೂ ಬಿದ್ದರೆ, ಅದು ಎಲುಬಿಗೆ ಅಂಟಿಕೊಂಡಿರುವ ಜಾಗದಲ್ಲಿ ಸವೆದು ನೋಯಲು ಶುರುವಾಗುತ್ತದೆ. ಇದನ್ನೇ ವೈದ್ಯರು ಪ್ಲಾಂಟರ್ ಫೇಷಿಯೈಟಿಸ್ ಅಂತ ಚೀಟಿಯಲ್ಲಿ ಬರೆಯುವುದು.

ಮಗ್ಗದ ಮೇಲಿನ ಹಾಸನ್ನು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳನ್ನು ನೆನಪಿಸಿಕೊಳ್ಳಿ. ಬಿಗಿಯಾಗಿರುವಾಗ ಒಮ್ಮೆಲೇ ಏಟು ಬಿದ್ದರೆ ಎಳೆ ತಡೆಯುವುದಿಲ್ಲ. ರಾತ್ರಿ ಮಲಗಿದಾಗ ನಮ್ಮ ಪಾದ ಮುಂದಕ್ಕೆ ಚಾಚಿರುತ್ತದೆ, ಪಟ್ಟಿ ಮುದುಡಿಕೊಂಡು ಬಿಗಿಯುತ್ತದೆ. ಬೆಳಿಗ್ಗೆ ಕಾಲೂರಿದ ಕೂಡಲೇ ಮೈಭಾರವೆಲ್ಲ ಅದರ ಮೇಲೆ. ಸ್ವಲ್ಪ ನಡೆದರೆ ಸಡಿಲಾಗುತ್ತದೆ, ಅದಕ್ಕೇ ನೋವು ಇಳಿದ ಹಾಗೆ ಅನ್ನಿಸುವುದು. ಕುಣಿಮಗ್ಗದಲ್ಲಿ ಮೂರು ತಾಸು ಕೂತು ಎದ್ದವರಿಗೂ, ಬಸ್ಸಿನಲ್ಲಿ ಬೆಳಗಾವಿಯಿಂದ ಬಂದು ಇಳಿದವರಿಗೂ ಮೊದಲ ಹೆಜ್ಜೆ ಕಿತ್ತು ಬರುವ ಹಾಗೆ ಆಗುವುದು ಇದೇ ಕಾರಣಕ್ಕೆ.

ನೋವು ಎಲ್ಲಿದ್ರೂ ಇದೇ ರೋಗ ಏನ್ರಿ?

ಅಲ್ಲ. ಕುರ್ಚಿಯಲ್ಲಿ ಕೂತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ. ಹೆಬ್ಬೆರಳಿನಿಂದ ಹಿಂಬಡದ ಅಡಿಯಲ್ಲಿ ಒಳಮಗ್ಗಲಿಗೆ, ಕಮಾನು ಶುರುವಾಗುವ ಅಂಚಿನಲ್ಲಿ ಗಟ್ಟಿಯಾಗಿ ಒತ್ತಿ. "ಅವ್ವಾ" ಅನ್ನುವಷ್ಟು ನೋವಾದರೆ ಅದು ಪಟ್ಟಿಯ ನೋವೇ ಇರಬಹುದು. ಹಿಂಬಡದ ನಟ್ಟ ನಡುವೆ, ಬರಿಗಾಲಲ್ಲಿ ಕಲ್ಲಿನ ಮೇಲೆ ನಡೆದಾಗ ಮಾತ್ರ ನೋವಾದರೆ ಅಲ್ಲಿನ ಕೊಬ್ಬಿನ ಮೆತ್ತೆ ತೆಳುವಾಗಿರಬಹುದು. ವಯಸ್ಸಾದವರಲ್ಲಿ ಇದು ಸಾಮಾನ್ಯ. ಹಿಂಬಡದ ಹಿಂದೆ, ಚಪ್ಪಲಿಯ ಪಟ್ಟಿ ತಾಗುವ ಕಡೆ ನೋವಾದರೆ ಅದು ಮೀನಖಂಡವನ್ನು ಹಿಂಬಡದ ಎಲುಬಿಗೆ ಕಟ್ಟುವ ನರಪಟ್ಟಿಯದು (ಅಕಿಲಿಸ್ ಟೆಂಡನ್). ಜೋಮು ಹಿಡಿದು, ಉರಿ ಎದ್ದು, ರಾತ್ರಿ ಜಾಸ್ತಿಯಾದರೆ ನರ ಸಿಕ್ಕಿಕೊಂಡಿರಬಹುದು. ಹಿಂಬಡವನ್ನು ಎರಡೂ ಪಕ್ಕದಿಂದ ಅಂಗೈಯಲ್ಲಿ ಹಿಂಡಿದರೆ ಜೀವ ಹೋಗುವಷ್ಟು ನೋವಾದರೆ ಎಲುಬಿನಲ್ಲೇ ಸಣ್ಣ ಬಿರುಕು ಇದ್ದೀತು, ಅದಕ್ಕೆ ವೈದ್ಯರನ್ನು ಕಾಣಲೇಬೇಕು.

ನನಗ ಯಾಕ ಬಂತ್ರಿ? ನಾ ಏನೂ ತಪ್ಪು ಮಾಡಿಲ್ಲಲ್ಲ.

ತಪ್ಪಿನ ಮಾತೇ ಅಲ್ಲ ಇದು. 40ರಿಂದ 60ರ ವಯಸ್ಸಿನಲ್ಲಿ ಜಾಸ್ತಿ ಕಾಣುತ್ತದೆ. ತಾಸುಗಟ್ಟಲೆ ಗಟ್ಟಿ ನೆಲದ ಮೇಲೆ ನಿಲ್ಲುವುದು, ಮೈತೂಕ ಏರಿದ್ದು, ಮೀನಖಂಡ ಬಿಗಿಯಾಗಿರುವುದು, ಚಪ್ಪಟೆ ಪಾದ ಅಥವಾ ತೀರಾ ಎತ್ತರದ ಕಮಾನು, ಸವೆದ ಚಪ್ಪಲಿ, ಇವೆಲ್ಲ ಸೇರುತ್ತವೆ. ಇನ್ನೊಂದು ದೊಡ್ಡ ಕಾರಣ ಅಂದರೆ ಒಮ್ಮೆಲೇ ಹೆಚ್ಚಿದ ನಡಿಗೆ. ಸಕ್ಕರೆ ಕಾಯಿಲೆ ಬಂತು ಅಂತ ಗೊತ್ತಾದ ಮರುದಿನವೇ 5 ಕಿಲೋಮೀಟರ್ ನಡೆಯಲು ಹೊರಟು ಹಿಂಬಡ ಹಿಡಿಸಿಕೊಂಡವರನ್ನು ತಿಂಗಳಿಗೆ ನಾಲ್ಕು ಮಂದಿಯಾದರೂ ನೋಡುತ್ತೇನೆ.

ಎಕ್ಸರೇದಾಗ ಎಲುಬು ಬೆಳದೈತಿ ಅಂದ್ರು. ಆಪರೇಷನ್ ಮಾಡಿ ತಗೀಬೇಕೇನು?

ಈ ಎಕ್ಸರೇ ನೋಡಿ ಅತ್ತವರು ಇದ್ದಾರೆ. ದಯವಿಟ್ಟು ಹೆದರಬೇಡಿ. ಹಿಂಬಡದ ಅಡಿಯಲ್ಲಿ ಮುಳ್ಳಿನ ಹಾಗೆ ಕಾಣುವ ಆ ಎಲುಬಿನ ಮೊನೆ, ಒಂದು ದಿನವೂ ಕಾಲು ನೋಯದ ಎಷ್ಟೋ ಮಂದಿಯಲ್ಲಿ ಇರುತ್ತದೆ. ಅದು ಇಲ್ಲದವರಿಗೂ ಇದೇ ನೋವು ಬರುತ್ತದೆ. ನೋವು ಪೂರ್ತಿ ಹೋದ ಮೇಲೂ ಎಕ್ಸರೇ ತೆಗೆಸಿದರೆ ಆ ಮೊನೆ ಅಲ್ಲೇ ಇರುತ್ತದೆ. ಅಂದ ಮೇಲೆ ನೋಯಿಸುತ್ತಿರುವುದು ಆ ಮುಳ್ಳು ಅಲ್ಲ, ಅಲ್ವಾ? ಚಿಕಿತ್ಸೆ ಬೇಕಾದದ್ದು ಪಟ್ಟಿಗೆ.

ಯೂರಿಕ್ ಆ್ಯಸಿಡ್ ಆಗೈತಿ ಅಂತಾರ ಎಲ್ಲಾರೂ. ಬ್ಯಾಳಿ ಬಿಡ್ಲೇನು?

ಸುಮ್ನೆ ಬ್ಯಾಳಿ ಬಿಡಬೇಡಿ. ಯೂರಿಕ್ ಆ್ಯಸಿಡ್‌ನಿಂದ ಬರುವ ಗೌಟ್ ಸಾಮಾನ್ಯವಾಗಿ ಕಾಲಿನ ಹೆಬ್ಬೆರಳ ಕೀಲನ್ನು ಹಿಡಿಯುತ್ತದೆ. ರಾತ್ರೋರಾತ್ರಿ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ತಡೆಯಲಾಗದಂತೆ ನೋಯುತ್ತದೆ. ತಿಂಗಳುಗಟ್ಟಲೆ ಬೆಳಗಿನ ಹೆಜ್ಜೆಗೆ ಮಾತ್ರ ಚುಚ್ಚುವ ನೋವಿನ ರೀತಿಯೇ ಬೇರೆ. ಕ್ಯಾಲ್ಸಿಯಂ ಗುಳಿಗೆಯಿಂದಲೂ ಈ ನೋವು ಹೋಗುವುದಿಲ್ಲ.

ಹಿಂಬಡ ಒಡದಾವು. ಅದಕ್ಕ ಬ್ಯಾನಿ ಆಗಾಕತ್ತೈತೇನು?

ಒಡಕು ಆಳವಾಗಿ ರಕ್ತ ಬರುವಂತಿದ್ದರೆ ಅದೇ ನೋಯುತ್ತದೆ, ಆದರೆ ಅದು ಚರ್ಮದ ತೊಂದರೆ. ರಾತ್ರಿ ಕಾಲು ತೊಳೆದು ಒರೆಸಿ, ವ್ಯಾಸಲೀನ್ ಹಚ್ಚಿ ಕಾಲುಚೀಲ ಹಾಕಿ ಮಲಗಿ. ಒಡಕು ಮುಚ್ಚಿದ ಮೇಲೂ ಬೆಳಗಿನ ನೋವು ಉಳಿದರೆ ಒಳಗಿನ ಪಟ್ಟಿಯ ಕಡೆ ನೋಡಬೇಕು.

## ಮನೆಯಲ್ಲೇ ಮಾಡುವುದು

ಬರೇ ಒಂದ ವ್ಯಾಯಾಮ ಹೇಳ್ರಿ. ಜಾಸ್ತಿ ನೆನಪ ಇರಂಗಿಲ್ಲ.

ಹಾಗಾದರೆ ಇದನ್ನೇ ಹಿಡಿಯಿರಿ. ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಮಾಡಬೇಕು, ಅದೇ ಇದರ ಗುಟ್ಟು.

ಎದ್ದು ಕೂತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಡಿ. ಅದೇ ಮಗ್ಗಲಿನ ಕೈಯಿಂದ ಐದೂ ಬೆರಳುಗಳನ್ನು ಬುಡದಲ್ಲಿ ಹಿಡಿದು, ಮೊಣಕಾಲಿನ ಕಡೆಗೆ ಹಿಂದಕ್ಕೆ ಬಗ್ಗಿಸಿ. ಇನ್ನೊಂದು ಕೈಯ ಹೆಬ್ಬೆರಳನ್ನು ಅಂಗಾಲಿನ ಮೇಲೆ ಆಡಿಸಿ ನೋಡಿ. ಬಿಗಿದ ಹಗ್ಗದಂಥ ಒಂದು ಪಟ್ಟಿ ಕೈಗೆ ಸಿಗುತ್ತದೆ. ಸಿಕ್ಕರೆ ಸರಿಯಾಗಿ ಎಳೆದಿದ್ದೀರಿ ಅಂತ ಅರ್ಥ. 10 ಎಣಿಸಿ, ಬಿಡಿ. ಹೀಗೆ 10 ಸಲ. ದಿನಕ್ಕೆ ಮೂರು ಹೊತ್ತು. ಎರಡನೇ ಹೊತ್ತನ್ನು ಊಟ ಮಾಡಿ ಏಳುವ ಮೊದಲು ಇಟ್ಟುಕೊಳ್ಳಿ, ಕೂತು ಎದ್ದಾಗಲೂ ಚುಚ್ಚುತ್ತದಲ್ಲ.

ಇನ್ನೊಂದನ್ನು ನೆನಪಿಡಬಲ್ಲಿರಾದರೆ ಮೀನಖಂಡದ್ದು. ಗೋಡೆಗೆ ಎರಡೂ ಕೈ ಕೊಟ್ಟು ನಿಂತು ನೋಯುವ ಕಾಲನ್ನು ಒಂದು ಹೆಜ್ಜೆ ಹಿಂದಿಡಿ. ಹಿಂಬಡ ಏಳಬಾರದು, ಮೊಣಕಾಲು ಬಗ್ಗಬಾರದು. ಮುಂದಕ್ಕೆ ವಾಲಿ 30 ಎಣಿಸಿ. ಮೂರು ಸಲ ಸಾಕು.

ಮನಿಯೊಳಗ ಚಪ್ಪಲ್ ಹಾಕ್ಕೊಳ್ರಿ ಅಂತೀರಿ. ಅಡಗಿ ಮನ್ಯಾಗ ಹೆಂಗ್ರಿ ಅಕ್ಕಾರ?

ಈ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡುತ್ತೇನೆ. ಯಾಕೆಂದರೆ ಮೊದಲು ಇದನ್ನು ನನಗೆ ಕೇಳಿದವಳು ನನ್ನ ಅವ್ವ.

ನಮ್ಮದು ಫರಸಿ ಕಲ್ಲಿನ ಮನೆ. ಅವ್ವ ಐದಕ್ಕೆ ಏಳುತ್ತಿದ್ದಳು. ಕತ್ತಲಲ್ಲಿ ಗೋಡೆ ಹಿಡಿದು, ಒಂದು ಕಾಲಿನ ಬೆರಳ ತುದಿಯಲ್ಲಿ ನಡೆಯುತ್ತ ಬಚ್ಚಲಿಗೆ ಹೋಗುತ್ತಿದ್ದಳು. ಗೋಡೆಯ ಸುಣ್ಣದ ಮೇಲೆ ಅವಳ ಅಂಗೈಯ ಗುರುತು ಒಂದೇ ಎತ್ತರದಲ್ಲಿ ಸಾಲಾಗಿ ಬಿದ್ದಿತ್ತು. ಆಮೇಲೆ ಅದೇ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದಳು. ನಾನು ಕಾಲೇಜಿನಲ್ಲಿ ಇದನ್ನೇ ಓದುತ್ತಿದ್ದರೂ, ಒಲೆಯ ಮುಂದೆ ಚಪ್ಪಲಿ ಹಾಕು ಅಂದರೆ ಒಪ್ಪಲಿಲ್ಲ. ಒಲೆ ಅಂದರೆ ಅವಳಿಗೆ ದೇವರು. ಅದರಲ್ಲಿ ತಪ್ಪು ಹುಡುಕುವ ಮನಸ್ಸು ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಕೊನೆಗೆ ಹೀಗೆ ಮಾಡಿದೆವು. ಹೊರಗಿನ ಮಣ್ಣು ತಾಗದ ಹೊಸ ಮೆತ್ತನೆಯ ಚಪ್ಪಲಿ ತಂದು, ತೊಳೆದು, ಹಾಸಿಗೆಯ ಪಕ್ಕದಲ್ಲೇ ಇಟ್ಟೆವು. ಅದು ಹೊಸ್ತಿಲು ದಾಟುವುದಿಲ್ಲ. ಮೊದಲ ಹೆಜ್ಜೆ ಅದರ ಮೇಲೆಯೇ ಬೀಳಬೇಕು. ಒಲೆಯ ಮುಂದೆ ಮಾತ್ರ ಅದನ್ನು ಬಿಟ್ಟು, ನಾಲ್ಕು ಮಡಿಕೆ ಹಾಕಿದ ಹಳೆ ಕೌದಿಯ ಮೇಲೆ ನಿಲ್ಲುತ್ತಿದ್ದಳು. ಮೂರು ವಾರಕ್ಕೆ ಗೋಡೆ ಹಿಡಿಯುವುದು ನಿಂತಿತು. ನಿಮ್ಮ ಮನೆಯಲ್ಲೂ ಚಪ್ಪಲಿ ಆಗದಿದ್ದರೆ ಕೌದಿಯಾದರೂ ಆಗುತ್ತದೆ. ಕೌದಿ ಜಾರದ ಹಾಗೆ ಅಡಿಗೆ ರಬ್ಬರ್ ಹಾಸು ಹಾಕಿ, ಬೆಂಕಿಯಿಂದ ದೂರ ಇರಲಿ.

ಎಂಥಾ ಚಪ್ಪಲ್ ತಗೊಳ್ಳಿ? ನಮ್ಮ ಕೊಲ್ಲಾಪುರಿ ನಡೀತೈತೇನು?

ಕೊಲ್ಲಾಪುರಿ ನಮ್ಮದೂ ಹೌದು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಅದರಲ್ಲಿ ಸೇರಿವೆ. ಅಥಣಿ, ನಿಪ್ಪಾಣಿಯ ಕೈಕೆಲಸದ ಬಗ್ಗೆ ನನಗೆ ತುಂಬಾ ಅಭಿಮಾನ. ಆದರೆ ಅದರ ಅಟ್ಟೆ ಗಟ್ಟಿ ತೊಗಲು, ಚಪ್ಪಟೆ. ಹಿಂಬಡಕ್ಕೆ ಮೆತ್ತೆಯೂ ಇಲ್ಲ, ಕಮಾನಿಗೆ ಆಸರೆಯೂ ಇಲ್ಲ. ನೋವು ಇರುವಷ್ಟು ದಿನ ಅದನ್ನು ಮದುವೆ ಮುಂಜಿಗೆ ಇಟ್ಟುಕೊಳ್ಳಿ.

ದಿನಾ ಹಾಕುವುದಕ್ಕೆ ಹಿಂಬಡ ಒಂದೆರಡು ಬೆರಳಿನಷ್ಟು ಎತ್ತರ ಇರುವ, ಒತ್ತಿದರೆ ತಗ್ಗಿ ಮತ್ತೆ ಏಳುವ, ಹಿಂದೆ ಪಟ್ಟಿ ಇರುವ ಚಪ್ಪಲಿ ನೋಡಿ. ಎರಡೂ ತುದಿ ಹಿಡಿದು ಬಗ್ಗಿಸಿದರೆ ಬೆರಳಿನ ಹತ್ತಿರ ಬಗ್ಗಬೇಕು, ನಡುವೆ ಮಡಚಿಕೊಳ್ಳಬಾರದು. ತೆಳುವಾದ ಹವಾಯಿ ಚಪ್ಪಲಿ ಬೇಡ. ಸಕ್ಕರೆ ಕಾಯಿಲೆ ಇದ್ದವರಿಗೆ ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ ಒಳ್ಳೆಯದು. ಬೂಟಿನೊಳಗೆ ಹಿಂಬಡಕ್ಕೆ ಇಡುವ ಸಿಲಿಕಾನ್ ಮೆತ್ತೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಒಂದೇ ಕಾಲು ನೋಯುತ್ತಿದ್ದರೂ ಎರಡೂ ಬೂಟಿಗೆ ಇಡಿ, ಇಲ್ಲದಿದ್ದರೆ ಸೊಂಟ ಓರೆಯಾಗುತ್ತದೆ.

ಬಿಸಿನೀರಾ, ಐಸಾ?

ಎರಡೂ ನೋವನ್ನು ಕೊಂಚ ಹೊತ್ತು ಇಳಿಸುತ್ತವೆ, ರೋಗವನ್ನಲ್ಲ. ದಿನವಿಡೀ ನಿಂತು ಸಂಜೆ ಉರಿಯುತ್ತಿದ್ದರೆ ನೀರು ತುಂಬಿ ಗಟ್ಟಿಯಾಗಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ 5ರಿಂದ 10 ನಿಮಿಷ ಅಂಗಾಲಿನಡಿ ಉರುಳಿಸಿ. ಬೆಳಿಗ್ಗೆ ಬಿಗಿತಕ್ಕೆ ಉಗುರುಬೆಚ್ಚಗಿನ ನೀರು ಹಿತ. ಕಾಲಿಗೆ ಸ್ಪರ್ಶ ಕಡಿಮೆ ಇದ್ದವರು ಎರಡನ್ನೂ ಮಾಡಬೇಡಿ.

ಯಕ್ಕಿ ಎಲಿ ಕಾಸಿ ಕಟ್ಟಿದ್ರ ಹೋಗ್ತೈತಿ ಅಂತಾರ. ಚುಟಗಿ ಹಾಕಿಸಿದ್ರ?

ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದಾಗ ಹಿತ ಸಿಗುವುದು ನಿಜ, ಶಾಖದ್ದೇ ಅದರಲ್ಲಿ ದೊಡ್ಡ ಪಾಲು. ಆದರೆ ಅದರ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಕಾದ ಇಟ್ಟಂಗಿಯ ಮೇಲೆ ಎಲೆ ಇಟ್ಟು ಹಿಂಬಡ ಒತ್ತುವುದನ್ನೂ ನೋಡಿದ್ದೇನೆ. ಶಾಖವೇ ಬೇಕಾದರೆ ಬಿಸಿನೀರಿನ ಚೀಲ ಸಾಕು. ಚುಟಗಿ, ಅಂದರೆ ಕಾಯಿಸಿ ಬರೆ ಹಾಕಿಸುವುದು, ಮಾತ್ರ ಬೇಡವೇ ಬೇಡ. ಸಕ್ಕರೆ ಕಾಯಿಲೆ ಇರುವ ಒಬ್ಬ ಅಜ್ಜನ ಹಿಂಬಡದಲ್ಲಿ ಆ ಗಾಯ ನಾಲ್ಕು ತಿಂಗಳು ಮಾಯಲಿಲ್ಲ. ಅದನ್ನು ತೊಳೆದು ಕಟ್ಟುವಾಗ ಅವರ ಮುಖ ಹೇಗಿತ್ತು ಅನ್ನುವುದು ನನಗೆ ಇನ್ನೂ ಮರೆತಿಲ್ಲ.

ವಾಕಿಂಗ್ ಬಿಡ್ಲ್ಯೋ ಮಾಡ್ಲ್ಯೋ? ಸಕ್ರಿ ಐತಿ, ಬಿಟ್ರ ಏರ್ತೈತಿ.

ಪೂರ್ತಿ ಬಿಡಬೇಡಿ. ಹಾಸಿಗೆ ಹಿಡಿದರೆ ಪಟ್ಟಿ ಇನ್ನೂ ಅಶಕ್ತವಾಗುತ್ತದೆ. ನಡಿಗೆಯನ್ನು ಅರ್ಧಕ್ಕೆ ಇಳಿಸಿ, ಎರಡು ಹೊತ್ತಿಗೆ ಹಂಚಿ. ಕಾಂಕ್ರೀಟ್ ರಸ್ತೆ ಬಿಟ್ಟು ಮಣ್ಣಿನ ಮೈದಾನ ಹುಡುಕಿ. ಉಳಿದರ್ಧಕ್ಕೆ ಸೈಕಲ್ ತುಳಿಯಿರಿ, ಸಕ್ಕರೆಗೆ ಅದೂ ವ್ಯಾಯಾಮವೇ. ಅಳತೆಗೋಲು ಮರುದಿನದ ಬೆಳಗು. ಮೊದಲ ಹೆಜ್ಜೆ ನಿನ್ನೆಗಿಂತ ಜಾಸ್ತಿ ಚುಚ್ಚಿದರೆ ನಿನ್ನೆ ಹೆಚ್ಚಾಯಿತು ಅಂತ ತಿಳಿಯಿರಿ. ಅಷ್ಟೇ ಇದ್ದರೆ ಮುಂದುವರಿಸಿ.

## ದುಡಿಮೆ ಮತ್ತು ಯಾತ್ರೆ

ಮಗ್ಗದ ಮುಂದ ಹತ್ತು ತಾಸು ನಿಲ್ಲಬೇಕ್ರಿ. ರೆಸ್ಟ್ ತಗೋ ಅಂದ್ರ ಹೊಟ್ಟಿಗೇನು?

ಬನಹಟ್ಟಿಯ ಪವರ್‌ಲೂಮ್ ಕೆಲಸಗಾರರೊಬ್ಬರು ಇದನ್ನು ಕೇಳಿದ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. "ರೆಸ್ಟ್ ತಗೊಳ್ಳಿ" ಅಂತ ಚೀಟಿಯಲ್ಲಿ ಬರೆಯುವುದು ಸುಲಭ, ಕೂಲಿ ಬರುವುದು ಮೀಟರ್ ಲೆಕ್ಕದಲ್ಲಿ. ಒಂದು ಭಾನುವಾರ ಅವರ ಶೆಡ್ಡಿಗೇ ಹೋಗಿ ನೋಡಿದೆ. ಸಿಮೆಂಟ್ ನೆಲ, ಬರಿಗಾಲು, ನಾಲ್ಕು ಮಗ್ಗದ ನಡುವೆ ಸುತ್ತು. ಎಳೆ ಹರಿದ ಕಡೆ ಓಡಿ, ಬೆರಳ ತುದಿಯ ಮೇಲೆ ನಿಂತು, ಮುಂದಕ್ಕೆ ಬಾಗಿ ಗಂಟು ಹಾಕುವುದು. ಪಟ್ಟಿಯ ಮೇಲೆ ಎಳೆತ ಬೀಳುವುದೇ ಅಲ್ಲಿ.

ಅವರು ಮಾಡಿಕೊಂಡ ಬದಲಾವಣೆ ಇಷ್ಟು. ಮೆತ್ತನೆಯ ಬೂಟು ಹಾಕಿದರು. ಜಾಸ್ತಿ ಹೊತ್ತು ನಿಲ್ಲುವ ಎರಡು ಜಾಗದಲ್ಲಿ ದನದ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಹಾಸಿನ ತುಂಡು ಹಾಸಿದರು. ಮಗ್ಗದ ಬುಡದಲ್ಲಿ ಒಂದು ಇಟ್ಟಂಗಿ ಇಟ್ಟು, ನಿಂತಾಗ ಒಮ್ಮೆ ಈ ಕಾಲು ಒಮ್ಮೆ ಆ ಕಾಲು ಅದರ ಮೇಲೆ ಇಡತೊಡಗಿದರು. ಲಾಳಿಯ ಕಂಡಿಕೆ ಬದಲಿಸುವಾಗ ಪ್ರತಿ ಸಲ ಮೀನಖಂಡ ಎಳೆಯುವುದು, ಚಹಾದ ಹೊತ್ತಿಗೆ ಕೂತೇ ಕುಡಿಯುವುದು. ಒಂದು ದಿನದ ಕೂಲಿಯೂ ತಪ್ಪಲಿಲ್ಲ. ಗುಣವಾಗಲು ಐದು ತಿಂಗಳು ಹಿಡಿಯಿತು.

ಕಂಡಕ್ಟರ್, ಮಾಸ್ತರ್, ಅಂಗಡಿಯವರಿಗೂ ಇದೇ ದಾರಿ. ನಿಲ್ಲುವುದನ್ನು ತಪ್ಪಿಸಲಾಗದಿದ್ದರೆ ನಿಲ್ಲುವ ನೆಲವನ್ನೂ ರೀತಿಯನ್ನೂ ಬದಲಿಸಬೇಕು.

ಯುಗಾದಿಗೆ ಶ್ರೀಶೈಲಕ್ಕ ನಡಕೊಂಡ ಹೋಗೋ ಹರಕಿ ಐತಿ. ಹಿಂಬಡ ನೋವು ಐತಿ. ಹೋಗ್ಲೇನು?

ಹರಕೆಯ ಮಾತಿಗೆ ನಾನು ಅಡ್ಡ ಬರುವುದಿಲ್ಲ. ಆದರೆ ನೂರಾರು ಕಿಲೋಮೀಟರ್ ಬರಿಗಾಲ ನಡಿಗೆ, ಅದೂ ಸುಡುವ ಡಾಂಬರಿನ ಮೇಲೆ, ನೊಂದ ಪಟ್ಟಿ ತಡೆಯುವುದಿಲ್ಲ. ಈಗ ನೋವು ಜೋರಾಗಿದ್ದರೆ ಹರಕೆಯನ್ನು ಮುಂದಿನ ವರ್ಷಕ್ಕೆ ಇಡಿ. ಮಲ್ಲಯ್ಯ ಕಾಯುತ್ತಾನೆ ಅಂತ ನಾನು ಮನಸಾರೆ ನಂಬಿದ್ದೇನೆ. ನೋವು ಇಳಿದಿದ್ದರೆ ಎರಡು ತಿಂಗಳು ಮೊದಲೇ ನಡೆದು ರೂಢಿ ಮಾಡಿ, ವಾರವಾರ ಸ್ವಲ್ಪ ಸ್ವಲ್ಪ ಏರಿಸಿ. ಹಳೆಯ, ಕಾಲಿಗೆ ಒಗ್ಗಿದ ಬೂಟು ಹಾಕಿಕೊಳ್ಳಿ. ಆಷಾಢದಲ್ಲಿ ಪಂಢರಪುರಕ್ಕೆ ದಿಂಡಿಯಲ್ಲಿ ಹೋಗುವವರಿಗೂ ಇದನ್ನೇ ಹೇಳುತ್ತೇನೆ.

## ನೋವು ಹಳೆಯದಾಗಿದ್ದರೆ

ಎಲ್ಲಾ ಮಾಡೀನಿ, ಮೂರು ತಿಂಗಳಾತು. ಇನ್ನೂ ಎಷ್ಟು ದಿನ?

ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿಗೆ ಒಂದು ವರ್ಷದೊಳಗೆ ಆಪರೇಷನ್ ಇಲ್ಲದೆ ಗುಣ ಕಾಣುತ್ತದೆ. ಒಂದು ವರ್ಷ ಅಂದಾಗ ಮುಖ ಬಾಡುವುದು ನನಗೆ ಗೊತ್ತು. ಆದರೆ ಈ ಪಟ್ಟಿಗೆ ರಕ್ತದ ಓಡಾಟ ಕಡಿಮೆ, ದಿನಾ ಅದರ ಮೇಲೆಯೇ ನಿಲ್ಲುತ್ತೇವೆ, ಹಾಗಾಗಿ ತಡವಾಗಿ ಕೂಡುತ್ತದೆ. ದಿನದಿನ ಅಳೆಯಬೇಡಿ. ತಿಂಗಳಿಗೊಮ್ಮೆ ಕ್ಯಾಲೆಂಡರಿನಲ್ಲಿ ಬೆಳಗಿನ ನೋವಿಗೆ ಹತ್ತಕ್ಕೆ ಎಷ್ಟು ಅಂತ ಅಂಕ ಬರೆದಿಡಿ. ಎಂಟಿದ್ದದ್ದು ಐದಾದರೆ ದಾರಿ ಸರಿ ಇದೆ.

ಮೂರು ತಿಂಗಳ ಮೇಲೂ ಬದಲಾಗದಿದ್ದರೆ ಬರೀ ಎಳೆಯುವುದು ಸಾಲದು, ಪಟ್ಟಿಗೆ ಬಲ ಬರಬೇಕು. ಮೆಟ್ಟಿಲಿನ ಅಂಚಿನಲ್ಲಿ ಟವೆಲ್ ಸುರುಳಿ ಇಟ್ಟು, ಬೆರಳುಗಳು ಅದರ ಮೇಲೆ ಬರುವಂತೆ ನಿಲ್ಲಿ. ಹಿಂಬಡ ಹೊರಗೆ ತೂಗುತ್ತಿರಲಿ, ಗೋಡೆ ಹಿಡಿದಿರಿ. 3 ಎಣಿಸುತ್ತ ಹಿಂಬಡ ಎತ್ತಿ, 2 ಎಣಿಸುವಷ್ಟು ಹೊತ್ತು ನಿಲ್ಲಿ, 3 ಎಣಿಸುತ್ತ ಇಳಿಸಿ. 12 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಮೊದಲು ಎರಡೂ ಕಾಲಿನಲ್ಲಿ, ರೂಢಿಯಾದ ಮೇಲೆ ಒಂದರಲ್ಲಿ, ಆಮೇಲೆ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಹಾಕಿ. ಮಾಡುವಾಗ ಕೊಂಚ ನೋವು ಬಂದರೆ ಪರವಾಗಿಲ್ಲ. ತೋಲ ತಪ್ಪುವ ಹಿರಿಯರು ಮೆಟ್ಟಿಲು ಬಿಟ್ಟು ನೆಲದ ಮೇಲೆಯೇ ಮಾಡಲಿ.

ಇಂಜೆಕ್ಷನ್ ತಗೊಂಡ್ರ ಒಂದ ದಿನದಾಗ ಹೋಗ್ತೈತಿ ಅಂತ. ತಗೊಳ್ಳೇನು?

ಸ್ಟೀರಾಯ್ಡ್ ಇಂಜೆಕ್ಷನ್ ನೋವನ್ನು ಬೇಗ ಇಳಿಸುತ್ತದೆ, ಕೆಲವು ವಾರ. ಆಮೇಲೆ ಎಷ್ಟೋ ಮಂದಿಗೆ ಮರಳುತ್ತದೆ. ಮತ್ತೆ ಮತ್ತೆ ತೆಗೆದುಕೊಂಡರೆ ಹಿಂಬಡದ ಮೆತ್ತೆ ಕರಗುತ್ತದೆ, ಪಟ್ಟಿ ಹರಿಯುವ ಅಪಾಯವೂ ಇದೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ನೋವಿನಿಂದ ವ್ಯಾಯಾಮವನ್ನೇ ಮಾಡಲಾಗದವರಿಗೆ ಒಮ್ಮೆ ಕೊಡುವುದರಲ್ಲಿ ಅರ್ಥವಿದೆ. ಆ ಬಿಡುವಿನಲ್ಲಿ ವ್ಯಾಯಾಮ ಶುರು ಮಾಡಬೇಕು, ಇಲ್ಲದಿದ್ದರೆ ದುಡ್ಡು ದಂಡ. ನೋವಿನ ಗುಳಿಗೆಯನ್ನೂ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು.

ಶಾಕ್ ಕೊಡ್ತಾರಂತ. ಕರೆಂಟ್ ಶಾಕಾ ಅದು?

ಅಲ್ಲ. ಶಾಕ್ ವೇವ್ ಅಂದರೆ ಒತ್ತಡದ ಅಲೆ, ಕರೆಂಟ್ ಅಲ್ಲ. ಆರು ತಿಂಗಳು ಉಳಿದೆಲ್ಲ ಮಾಡಿಯೂ ಇಳಿಯದಿದ್ದರೆ ವಾರಕ್ಕೊಮ್ಮೆಯಂತೆ ಮೂರರಿಂದ ಐದು ಸಲ ಕೊಡುತ್ತಾರೆ. ಕೆಲವರಿಗೆ ಚೆನ್ನಾಗಿ ಹಿಡಿಯುತ್ತದೆ. ಆಪರೇಷನ್ ತೀರಾ ಕೊನೆಯದು, ಬಹಳ ಕಡಿಮೆ ಮಂದಿಗೆ ಬೇಕಾಗುತ್ತದೆ.

ನನ್ನ ಮಗಗ ಹನ್ನೊಂದು ವರ್ಷ. ಆಟ ಆಡಿ ಬಂದು ಹಿಂಬಡ ಹಿಡ್ಕೊಂಡು ಅಳ್ತಾನ.

8ರಿಂದ 14ರ ಮಕ್ಕಳಲ್ಲಿ ಹಿಂಬಡದ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಮೀನಖಂಡದ ನರಪಟ್ಟಿ ಅದನ್ನು ಎಳೆದು ನೋವು ಬರುತ್ತದೆ. ಕಬಡ್ಡಿ, ಕ್ರಿಕೆಟ್ ಕೆಲವು ವಾರ ಕಡಿಮೆ ಮಾಡಿಸಿ, ಮೆತ್ತನೆ ಬೂಟು ಕೊಡಿಸಿ. ಬೆಳವಣಿಗೆ ಮುಗಿದಂತೆ ಹೋಗುತ್ತದೆ. ಮಗುವನ್ನು "ನಾಟಕ ಮಾಡ್ತಾನ" ಅಂತ ಬೈಯಬೇಡಿ.

ಯಾವಾಗ ದವಾಖಾನಿಗೆ ಹೋಗಲೇಬೇಕು?

ಎತ್ತರದಿಂದ ಬಿದ್ದು ಕಾಲೂರಲು ಆಗದಿದ್ದರೆ. ನಡೆಯುವಾಗ "ಪಟ್" ಅಂದು ಅಂಗಾಲು ಊದಿದರೆ. ಜ್ವರದ ಜೊತೆ ಹಿಂಬಡ ಕೆಂಪಾಗಿ ಬಿಸಿಯಾದರೆ. ಮಲಗಿದಾಗಲೂ ನೋವು ಎಬ್ಬಿಸಿದರೆ. ಸಕ್ಕರೆ ಕಾಯಿಲೆ ಇದ್ದು ಪಾದದಲ್ಲಿ ಸಣ್ಣ ಗಾಯ ಕಂಡರೂ ಅದೇ ದಿನ ಹೋಗಿ. ಇನ್ನೊಂದು ಮಾತನ್ನು ಹರೆಯದವರಿಗೆ ಹೇಳಬೇಕು. 20–30ರ ವಯಸ್ಸು, ಎರಡೂ ಹಿಂಬಡ ನೋವು, ಜೊತೆಗೆ ಬೆಳಿಗ್ಗೆ ಅರ್ಧ ತಾಸಿಗೂ ಮೀರಿ ಸೊಂಟ ಮರಗಟ್ಟಿದ ಹಾಗಿದ್ದರೆ ಅದು ಬೆನ್ನೆಲುಬಿನ ಸಂಧಿವಾತ ಇರಬಹುದು. ಬೇಗ ಗೊತ್ತಾದಷ್ಟೂ ಒಳ್ಳೆಯದು.

ಜಿಲ್ಲಾ ಆಸ್ಪತ್ರೆಯಲ್ಲಿ ಎಲುಬಿನ ವಿಭಾಗ ಇರುತ್ತದೆ. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಗಳಲ್ಲೂ ತೋರಿಸಬಹುದು. ಹೋಗುವಾಗ ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ದಿನಾ ಹಾಕುವ ಸವೆದ ಜೋಡನ್ನೇ ಹಾಕಿಕೊಂಡು ಹೋಗಿ, ಮಗುಚಿ ತೋರಿಸಿ. ಅಟ್ಟೆ ಯಾವ ಮಗ್ಗಲಿಗೆ ಸವೆದಿದೆ ಅನ್ನುವುದನ್ನು ನೋಡಿದರೆ ನಿಮ್ಮ ಕಾಲು ಹೇಗೆ ಬೀಳುತ್ತದೆ ಅನ್ನುವುದು ನಮಗೆ ಗೊತ್ತಾಗುತ್ತದೆ.